ತುರ್ತು ಸೀಟಿ ಕೊಳ್ಳುವ ಮುನ್ನ

ಎಲ್ಲರಿಗೂ ನಮಸ್ಕಾರ. ತುರ್ತು ಕಿಟ್‌ಗೆ ಯಾವ ಸೀಟಿ ಒಳ್ಳೆಯದು ಎಂದು ಹಲವರು ಕೇಳಿದ್ದೀರಿ. ಪೊಟ್ಟಣದ ಮೇಲಿನ ಡೆಸಿಬೆಲ್ (ಸದ್ದು ಎಷ್ಟು ಜೋರು ಎಂಬುದರ ಅಳತೆ) ಸಂಖ್ಯೆಯನ್ನಷ್ಟೇ ನಂಬಿ ಹಣ ಕೊಡಬೇಡಿ. ಎಷ್ಟು ದೂರದಿಂದ ಅಳೆದದ್ದು ಎಂದು ಹೇಳದ ಅಂಕಿಯನ್ನು ಹೋಲಿಕೆಗೆ ಬಳಸಲಾಗದು. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ; ಒಂದು ಮೀಟರ್‌ನಲ್ಲಿ 114 ಇದ್ದದ್ದು ನಾಲ್ಕು ಮೀಟರ್‌ಗೆ 102 ಆಗುತ್ತದೆ.

ಮೊಬೈಲ್ ಆ್ಯಪ್‌ನ ಅಳತೆಗಳನ್ನು ದಯವಿಟ್ಟು ಇಲ್ಲಿ ಹಾಕಬೇಡಿ. ಅಷ್ಟು ಜೋರು ಸದ್ದನ್ನು ಬಹುತೇಕ ಫೋನುಗಳ ಮೈಕ್ ಸರಿಯಾಗಿ ಹಿಡಿಯಲಾರದು, ಬೇರೆ ಬೇರೆ ಸೀಟಿಗಳನ್ನೂ ಒಂದೇ ಎಂಬಂತೆ ತೋರಿಸಿಬಿಡುತ್ತದೆ. ಅದಕ್ಕಿಂತ ಇಬ್ಬರು ಬಯಲಿಗೆ ಹೋಗಿ. ಒಬ್ಬರು ಊದಲಿ, ಇನ್ನೊಬ್ಬರು ಸದ್ದು ಕೇಳಿಸದಾಗುವವರೆಗೂ ದೂರ ನಡೆಯಲಿ. ಗಾಳಿ ಬೀಸುವ ದಿಕ್ಕು ಗಮನದಲ್ಲಿರಲಿ. ಊದುವವರು ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಲೇಬೇಕು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಸಣ್ಣ ಉಸಿರಿನ ಪರೀಕ್ಷೆ. ಪಕ್ಕೆಲುಬು ಮುರಿದು ಬಿದ್ದಿರುವವರಿಗೆ ಎದೆ ತುಂಬ ಗಾಳಿ ಎಳೆದು ಊದಲಾಗದು. ಮೆಲ್ಲನೆ ಊದಿದಾಗಲೂ ಚೂಪಾದ ಸ್ವರ ಹೊರಡುವ ಸೀಟಿಯನ್ನೇ ಆರಿಸಿ. ನಮ್ಮ ಕಿವಿ 2,000ದಿಂದ 5,000 ಹರ್ಟ್ಸ್‌ವರೆಗಿನ (ಸೆಕೆಂಡಿಗೆ ಅಷ್ಟು ಕಂಪನಗಳ) ಚೂಪು ಸದ್ದಿಗೆ ಹೆಚ್ಚು ಸೂಕ್ಷ್ಮ. ಒಳಗೆ ಗುಂಡು ಇರುವ ಸೀಟಿ ಬೇಡವೇ ಬೇಡ ಎನ್ನುತ್ತೇನೆ. ನೀರು, ಮಣ್ಣು ಸೇರಿದರೆ ಗುಂಡು ಅಂಟಿಕೊಂಡು ಸ್ವರ ಕೆಡುತ್ತದೆ. ಗುಂಡಿಲ್ಲದ್ದನ್ನು ನೀರಿನಲ್ಲಿ ಅದ್ದಿ, ಒಮ್ಮೆ ಕೊಡವಿ, ಕೂಡಲೇ ಊದಿ ನೋಡಿ.

ಪರ್ವತ ಪ್ರದೇಶಗಳಲ್ಲಿ ಸಹಾಯ ಕೇಳುವ ಸಂಕೇತ ಮನೆಮಂದಿಗೂ ಗೊತ್ತಿರಲಿ: ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು. ಉತ್ತರ ಕೊಡುವವರು ನಿಮಿಷಕ್ಕೆ ಮೂರು ಸಲ ಊದುತ್ತಾರೆ. ಸೀಟಿಯನ್ನು ಚೀಲದ ತಳಕ್ಕೆ ಹಾಕದೆ ಹೆಗಲ ಪಟ್ಟಿಗೆ ಕಟ್ಟಿ.