ಬಹುಕಾಲ ಎತ್ತಿಟ್ಟ ಟ್ಯಾಬ್ಲೆಟ್‌ಗೆ ‘ಬೋರ್ಡ್ ಹೋಗಿದೆ’ ಎಂದು ಬರೆದುಕೊಟ್ಟ ಬಗ್ಗೆ ದೂರು

ಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ವಿಷಯ: ಬ್ಯಾಟರಿ ಪೂರ್ತಿ ಇಳಿದ ಟ್ಯಾಬ್ಲೆಟ್‌ನ ಬ್ಯಾಟರಿಯನ್ನೇ ಪರೀಕ್ಷಿಸದೆ ಮದರ್‌ಬೋರ್ಡ್ ಬದಲಿಸಲು ಹೇಳಿರುವುದು.

ಬಹಳ ದಿನ ಬಳಸದೆ ಎತ್ತಿಟ್ಟಿದ್ದ ಟ್ಯಾಬ್ಲೆಟ್ ಆನ್ ಆಗದಿದ್ದಾಗ ನಿಮ್ಮ ಅಧಿಕೃತ ಸರ್ವಿಸ್ ಸೆಂಟರಿಗೆ ಕೊಟ್ಟೆವು. ಜಾಬ್ ಶೀಟಿನಲ್ಲಿ ಬಂದ ಉತ್ತರ ಇಷ್ಟೇ: ‘ಡೆಡ್. ಮದರ್‌ಬೋರ್ಡ್ ಬದಲಿಸಬೇಕು.’ ಬ್ಯಾಟರಿಯಲ್ಲಿ ಎಷ್ಟು ವೋಲ್ಟ್ ಇತ್ತು, ಚಾರ್ಜರ್ ಹಾಕಿದಾಗ ಎಷ್ಟು ಕರೆಂಟ್ ಎಳೆಯಿತು, ಎಷ್ಟು ಹೊತ್ತು ಚಾರ್ಜಿಗೆ ಇಟ್ಟಿದ್ದರು ಎಂಬುದು ಒಂದೂ ಅದರಲ್ಲಿಲ್ಲ. ಸ್ಟೋರೇಜ್ ಚಿಪ್ ಬೋರ್ಡಿಗೇ ಬೆಸುಗೆಯಾಗಿರುವುದರಿಂದ ಬೋರ್ಡ್ ಬದಲಾದರೆ ಒಳಗಿನ ಫೋಟೊ, ಫೈಲುಗಳೂ ಹೋಗುತ್ತವೆ. ಅಳೆದು ನೋಡದೆ ಇಂಥ ಮಾತು ಬರೆದುಕೊಡುವುದು ದೊಡ್ಡ ತಪ್ಪು. ಬೋರ್ಡ್ ಬದಲಿಸಲು ನಾವು ಒಪ್ಪಲಿಲ್ಲ. ಅದೇ ಟ್ಯಾಬ್ಲೆಟ್ ಈಗ ಅದೇ ಬೋರ್ಡಿನಲ್ಲಿ ಕೆಲಸ ಮಾಡುತ್ತಿದೆ.

ಆಫ್ ಮಾಡಿಟ್ಟರೂ ಲಿಥಿಯಂ ಬ್ಯಾಟರಿ ತಾನಾಗಿ ಇಳಿಯುತ್ತಿರುತ್ತದೆ. ಒಳಗಿನ ಗಡಿಯಾರ, ಬ್ಯಾಟರಿಗೆ ಅಂಟಿದ ಪುಟ್ಟ ರಕ್ಷಣಾ ಸರ್ಕ್ಯೂಟ್ ಕೂಡ ಚೂರುಚೂರು ಕರೆಂಟ್ ತಿನ್ನುತ್ತವೆ. ಶೇ. 5ರಲ್ಲಿ ಎತ್ತಿಟ್ಟರೆ ಕೆಲವೇ ತಿಂಗಳು ಸಾಕು. ಬ್ಯಾಟರಿಯೊಳಗಿನ ಸೆಲ್ ಸುಮಾರು 2.5 ವೋಲ್ಟಿಗೆ ಬಂದಾಗ ರಕ್ಷಣಾ ಸರ್ಕ್ಯೂಟ್ ಸಂಪರ್ಕ ಕಡಿದುಬಿಡುತ್ತದೆ. ನಿಮ್ಮ ತಂತ್ರಜ್ಞರು ಎಡವುವುದು ಇಲ್ಲೇ. ಆಗ ಬ್ಯಾಟರಿಯ ಕನೆಕ್ಟರಿನಲ್ಲಿ ಮಲ್ಟಿಮೀಟರ್ ಸೊನ್ನೆಯ ಹತ್ತಿರ ತೋರಿಸುತ್ತದೆ. ಬ್ಯಾಟರಿಯ ಹಳದಿ ಟೇಪಿನ ಕೆಳಗೆ, ಆ ಪುಟ್ಟ ಸರ್ಕ್ಯೂಟಿನ ಆಚೆ, ಸೆಲ್‌ನ ತಗಡಿನ ಮೇಲೆಯೇ ಇಟ್ಟು ಅಳೆದರೆ 2.4 ವೋಲ್ಟ್ ಇರಬಹುದು. ಅಂಥ ಸೆಲ್ ಸತ್ತಿಲ್ಲ, ಬೋರ್ಡ್ ಹೋಗಿದೆ ಎನ್ನಲಂತೂ ಆಗದು.

ಚಾರ್ಜರ್ ಹಾಕಿದೊಡನೆ ಇಂಥ ಬ್ಯಾಟರಿ ಪೂರ್ಣ ವೇಗದಲ್ಲಿ ತುಂಬುವುದಿಲ್ಲ. ಸೆಲ್ ಸುಮಾರು 3 ವೋಲ್ಟ್ ಮುಟ್ಟುವವರೆಗೆ ಚಾರ್ಜಿಂಗ್ ಚಿಪ್ ಬೇಕೆಂದೇ ಬ್ಯಾಟರಿ ಸಾಮರ್ಥ್ಯದ ಹತ್ತನೇ ಒಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕೂ ಕಡಿಮೆ ಕರೆಂಟ್ ಬಿಡುತ್ತದೆ. 5,000 ಮಿಲಿಆಂಪ್-ಅವರ್ ಬ್ಯಾಟರಿಗೆ ಅದು ಹೆಚ್ಚೆಂದರೆ 500 ಮಿಲಿಆಂಪ್. ಅಷ್ಟು ಹೊತ್ತೂ ಪರದೆ ಕಪ್ಪಗೇ ಇರಬಹುದು. ಬ್ಯಾಟರಿ ಚಿತ್ರವೂ ಬಾರದು. ನಿಮ್ಮ ಕೈಪಿಡಿಯಲ್ಲಿ ‘30 ನಿಮಿಷ ಚಾರ್ಜ್ ಮಾಡಿ, ಆನ್ ಆಗದಿದ್ದರೆ ಸರ್ವಿಸ್ ಸೆಂಟರಿಗೆ ತನ್ನಿ’ ಎಂದಿದೆ. ಪೂರ್ತಿ ಇಳಿದ ಬ್ಯಾಟರಿಗೆ ಅರ್ಧ ಗಂಟೆ ಯಾವ ಲೆಕ್ಕಕ್ಕೂ ಸಾಲದು.

ಇಂಥ ಟ್ಯಾಬ್ಲೆಟ್‌ನಲ್ಲಿ ಮೊದಲು ನೋಡಬೇಕಾದದ್ದು ಬ್ಯಾಟರಿ ಉಬ್ಬಿದೆಯೇ ಎಂದು. ಹಿಂಬದಿ ಎದ್ದಿದ್ದರೆ, ಪರದೆಯ ಅಂಚಿನಲ್ಲಿ ಸಂದು ಬಿಟ್ಟಿದ್ದರೆ ಚಾರ್ಜರ್ ಹಾಕಲೇಬಾರದು. ಇಲ್ಲದಿದ್ದರೆ ಪೋರ್ಟಿನ ಧೂಳು ತೆಗೆದು, ಟ್ಯಾಬ್ಲೆಟ್ ಜೊತೆ ಬಂದ ಚಾರ್ಜರನ್ನೇ ಗೋಡೆಯ ಪ್ಲಗ್ಗಿಗೆ ಹಾಕಬೇಕು; ಕಂಪ್ಯೂಟರಿನ ಹಳೆಯ ಯುಎಸ್‌ಬಿ ಪೋರ್ಟ್ 500 ಮಿಲಿಆಂಪ್ ಮಾತ್ರ ಕೊಡುತ್ತದೆ. ಎರಡೂ ತುದಿ ಟೈಪ್-ಸಿ ಇರುವ ಕೇಬಲ್ಲಿನಲ್ಲಿ ಕೆಲವು ಅಗ್ಗದ ಟ್ಯಾಬ್ಲೆಟ್‌ಗಳು ಚಾರ್ಜೇ ಆಗುವುದಿಲ್ಲ. ಅಂಥವಕ್ಕೆ ಟೈಪ್-ಎ ತುದಿಯ ಕೇಬಲ್ ಹಾಕಿ ನೋಡಬೇಕು. ನಡುವೆ ಕರೆಂಟ್ ಅಳೆಯುವ ಒಂದು ಯುಎಸ್‌ಬಿ ಮೀಟರ್ ಇಟ್ಟರೆ ಊಹೆಯ ಮಾತೇ ಇಲ್ಲ: 0.1 ಆಂಪ್ ತೋರಿಸಿದರೂ ಒಳಗೆ ಏನೋ ನಡೆಯುತ್ತಿದೆ ಎಂದರ್ಥ, 0.00ರಲ್ಲೇ ನಿಂತರೆ ಕೇಬಲ್, ಪೋರ್ಟ್, ಚಾರ್ಜರ್ ಒಂದೊಂದನ್ನೇ ಬದಲಿಸಿ ನೋಡಬೇಕು.

ಆಮೇಲೆ ಕೆಲವು ಗಂಟೆ ಮುಟ್ಟದೆ ಬಿಡಬೇಕು. ನಡುವೆ ಪವರ್ ಬಟನ್ ಒತ್ತುವುದೇ ಕೆಡುಕು. ಶೇ. 2ರಲ್ಲಿ ಬೂಟ್ ಆಗಲು ಹೊರಟ ಟ್ಯಾಬ್ಲೆಟ್ ಚಾರ್ಜರ್ ಕೊಡುವುದಕ್ಕಿಂತ ಹೆಚ್ಚು ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಲೋಗೊ ಬಂದು ಮತ್ತೆ ಆರುತ್ತದೆ. ಇದನ್ನು ಕಂಡವರು ‘ಬೋರ್ಡ್ ಪ್ರಾಬ್ಲಮ್’ ಎನ್ನುತ್ತಾರೆ. ಗಂಟೆಗಳಾದರೂ ಪರದೆ ಬೆಳಗದಿದ್ದರೆ ಪವರ್ ಮತ್ತು ವಾಲ್ಯೂಮ್ ಡೌನ್ ಎರಡನ್ನೂ 30 ಸೆಕೆಂಡ್ ಒತ್ತಿ ಹಿಡಿಯಬೇಕು. ಚಾರ್ಜಿಂಗ್ ಚಿಪ್‌ನ ಸುರಕ್ಷಾ ಟೈಮರ್ ಮುಗಿದು ಚಾರ್ಜ್ ನಿಂತಿರಲೂಬಹುದು. ಕೇಬಲ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದರೆ ಟೈಮರ್ ಮೊದಲಿನಿಂದ ಶುರುವಾಗುತ್ತದೆ. ಆನ್ ಆದ ಮೇಲೆ ವೈಫೈ ಇದ್ದೂ ವೆಬ್‌ಸೈಟ್ ತೆರೆಯದಿದ್ದರೆ ತಾರೀಖು ಹಿಂದಕ್ಕೆ ಹೋಗಿರಬಹುದು, ಆಗ ಅದನ್ನು ಸರಿಪಡಿಸಿದರೆ ಸಾಕು.

ಎಲ್ಲ ಬ್ಯಾಟರಿಯೂ ಉಳಿಯುತ್ತದೆ ಎಂಬ ವಾದ ನಮ್ಮದಲ್ಲ. 2 ವೋಲ್ಟಿಗಿಂತ ಕೆಳಗೆ ಬಹುಕಾಲ ಕೂತ ಸೆಲ್‌ನಲ್ಲಿ ಒಳಗಿನ ತಾಮ್ರದ ಹಾಳೆ ಕರಗತೊಡಗಬಹುದು. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇಡದ ಕಡೆ ಕೂತು ಒಳಗೇ ಶಾರ್ಟ್ ಆಗುವ ಅಪಾಯವಿದೆ. ಅಂಥದ್ದನ್ನು ರಕ್ಷಣಾ ಸರ್ಕ್ಯೂಟ್ ತಪ್ಪಿಸಿ ನೇರ ಪವರ್ ಸಪ್ಲೈಯಿಂದ ‘ಬೂಸ್ಟ್’ ಕೊಡುವುದು ಬೆಂಕಿಯ ಜೊತೆ ಸರಸ. ಸೆಲ್ ಬದಲಿಸಿ ಎಂದು ಬರೆದಿದ್ದರೆ ನಮಗೆ ತಕರಾರೇ ಇರುತ್ತಿರಲಿಲ್ಲ.

ಆದ್ದರಿಂದ ನಮ್ಮಿಂದ ಪಡೆದ ಪರೀಕ್ಷಾ ಶುಲ್ಕವನ್ನು ಹಿಂದಿರುಗಿಸಿ, ತಪ್ಪು ವರದಿಯನ್ನು ರದ್ದುಪಡಿಸಿ ಲಿಖಿತವಾಗಿ ತಿಳಿಸಬೇಕು. ಇನ್ನು ಮುಂದೆ ಆನ್ ಆಗದ ಟ್ಯಾಬ್ಲೆಟ್ ಬಂದಾಗ ಸೆಲ್ ವೋಲ್ಟೇಜ್, ಎಳೆದ ಕರೆಂಟ್, ಚಾರ್ಜಿಗೆ ಇಟ್ಟ ಅವಧಿ ಮೂರನ್ನೂ ಜಾಬ್ ಶೀಟಿನಲ್ಲಿ ನಮೂದಿಸುವಂತೆ ಎಲ್ಲ ಸೆಂಟರುಗಳಿಗೂ ಸೂಚಿಸಬೇಕು. ಕೈಪಿಡಿಯ 30 ನಿಮಿಷದ ಸಾಲನ್ನು ತಿದ್ದಿ, ಎತ್ತಿಡುವ ಮುನ್ನ ಶೇ. 50ರಷ್ಟು ಚಾರ್ಜ್ ಇರಲಿ, ಕೆಲವು ತಿಂಗಳಿಗೊಮ್ಮೆ ತುಂಬಿಸಿ ಎಂದು ಸೇರಿಸಬೇಕು. 15 ದಿನಗಳೊಳಗೆ ಉತ್ತರ ನಿರೀಕ್ಷಿಸುತ್ತೇವೆ.

ಇಂತಿ,
ನಿಮ್ಮ ಗ್ರಾಹಕರು

ಲಗತ್ತು: ಜಾಬ್ ಶೀಟ್ ಮತ್ತು ಶುಲ್ಕದ ರಸೀದಿಯ ಪ್ರತಿ, ಮೀಟರ್ ರೀಡಿಂಗ್‌ಗಳ ಫೋಟೊ