ವೋರನ್ ಗಂಡಲ್ಲ, ವರೋನಾ ಹೆಣ್ಣಲ್ಲ

ಸಂಪಾದಕರೇ,

ರಷ್ಯನ್ ಕತೆಗಳನ್ನು ಕನ್ನಡಕ್ಕೆ ತರುವವರು ‘ವೋರನ್’ ಎಂದರೆ ಗಂಡು ಕಾಗೆ, ‘ವರೋನಾ’ ಎಂದರೆ ಹೆಣ್ಣು ಎಂದು ತಿಳಿಯಬಾರದು. ಅವು ಬೇರೆ ಬೇರೆ ಜಾತಿ. ವೋರನ್ ಎಂದರೆ ರೇವನ್ ಎಂಬ ದೊಡ್ಡ ಕಾಗೆ: ಪೂರ್ತಿ ಕಪ್ಪು, ದಪ್ಪ ಕೊಕ್ಕು, ಬೆಣೆಯಾಕಾರದ ಬಾಲ. ಮಾಸ್ಕೋದ ಬೀದಿಯಲ್ಲಿ ಕಸ ಕೆದಕುವುದು ವರೋನಾ. ಅದರ ಮೈ ಬೂದು, ತಲೆ, ರೆಕ್ಕೆ, ಬಾಲ ಕಪ್ಪು. ವಾಕ್ಯದ ಲಿಂಗ ನೋಡಿ ಜಾತಿ ಊಹಿಸಿದರೆ ಎಡವಟ್ಟು ಖಂಡಿತ.

ಇದೇ ವರೋನಾ ಪೋಲಿಷ್‌ನಲ್ಲಿ ವ್ರೋನಾ, ಚೆಕ್‌ನಲ್ಲಿ ವ್ರಾನಾ. ಮೂರಕ್ಕೂ ಮೂಲವಾದ ಹಳೆಯ ಭಾಷೆಯ ‘ಓರ್’ ರಷ್ಯನ್‌ನಲ್ಲಿ ‘ಓರೋ’ ಆಗಿ ಹಿಗ್ಗಿತು. ಉಳಿದೆರಡರಲ್ಲಿ ತಿರುವುಮುರುವಾಗಿ ‘ರೋ’, ‘ರಾ’ ಆಯಿತು.

ಹಕ್ಕಿಗಳ ಹೆಸರಲ್ಲಿ ನಮಗೆ ಹತ್ತಿರದ್ದು ಹೆಬ್ಬಾತಿನದು. ರಷ್ಯನ್ನಿನ ಗುಸ್, ಪೋಲಿಷ್‌ನ ಗೆಂಶ್, ಚೆಕ್‌ನ ಹುಸಾ, ಮೂರೂ ಸಂಸ್ಕೃತದ ‘ಹಂಸ’ಕ್ಕೆ ದೂರದ ನೆಂಟರು. ನಮ್ಮ ಅನುಸ್ವಾರದಂಥ ಮೂಗಿನ ದನಿ ಪೋಲಿಷ್‌ನಲ್ಲಷ್ಟೇ ಉಳಿದಿದೆ. ಆದರೆ ಹುಸಾದ ‘ಹ’ ನೋಡಿ ಮೋಸಹೋಗಬೇಡಿ: ಅದು ಚೆಕ್‌ನೊಳಗೇ ‘ಗ’ಕಾರ ಸಡಿಲಗೊಂಡು ಬಂದದ್ದು, ಹಂಸದ ಹಕಾರಕ್ಕೂ ಅದಕ್ಕೂ ಸಂಬಂಧವಿಲ್ಲ. ದನಿ ಬದಲಾವಣೆಯ ನಿಯಮದ ಪ್ರಕಾರ ಸ್ಲಾವಿಕ್‌ನಲ್ಲಿ, ಅಂದರೆ ಈ ಮೂರೂ ಸೇರಿದ ಭಾಷಾ ಕುಟುಂಬದಲ್ಲಿ, ಪದದ ಮೊದಲಿಗೆ ‘ಜ಼’ (ಇಂಗ್ಲಿಷ್‌ನ z) ಬರಬೇಕಿತ್ತು. ‘ಗ’ ಬಂದದ್ದು ಜರ್ಮಾನಿಕ್ (ಜರ್ಮನ್, ಇಂಗ್ಲಿಷ್‌ಗಳ ಕುಟುಂಬ) ಪ್ರಭಾವದಿಂದ ಎಂಬುದು ಹಲವು ಭಾಷಾವಿಜ್ಞಾನಿಗಳ ವಾದ.

– ಒಬ್ಬ ಓದುಗ