ವೈವಾ ಟೇಬಲ್ಲಿನ ಈಚೆ ಬದಿಯಿಂದ

ಪ್ರೀತಿಯ ಗೆಳೆಯಾ,

ಎಮೋಷನಲ್ ಇಂಟೆಲಿಜೆನ್ಸ್ (ಭಾವನೆಗಳನ್ನು ಅರಿತು ನಡೆಯುವ ಬುದ್ಧಿ) ಇದ್ದವರಿಗೆ ಮಾರ್ಕ್ಸ್ ಜಾಸ್ತಿ ಬರುತ್ತಾ ಅಂತ ನೀನು ಕೇಳಿದ್ದೆಯಲ್ಲ, ಅದಕ್ಕೆ ಮೊದಲು ಒಂದು ಘಟನೆ ಹೇಳುತ್ತೇನೆ. ಹಾಸನದ ನಮ್ಮ ಮೆಡಿಕಲ್ ಕಾಲೇಜಿನಲ್ಲಿ ಇದು ಇಂಟರ್ನಲ್ಸ್, ಅಂದರೆ ಕಾಲೇಜೇ ನಡೆಸುವ ಪರೀಕ್ಷೆಗಳ ಸಮಯ. ಅನಾಟಮಿ (ಶರೀರ ರಚನೆ) ವೈವಾಕ್ಕೆ, ಅಂದರೆ ಬಾಯಿಮಾತಿನ ಪರೀಕ್ಷೆಗೆ, ಪ್ರಶ್ನೆ ಕೇಳಲು ಕೂತಿದ್ದೆ. ಹಳ್ಳಿ ಕಡೆಯ ಹುಡುಗಿಯೊಬ್ಬಳು ಬಂದಳು. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ, ಥಿಯರಿಯಲ್ಲಿ ಒಳ್ಳೆ ಮಾರ್ಕ್ಸ್. ಕೈಗೆ ಹ್ಯೂಮರಸ್, ಅಂದರೆ ಮೇಲ್ತೋಳಿನ ಮೂಳೆ ಕೊಟ್ಟು ಇದು ಯಾವ ಕಡೆಯದು ಅಂತ ಕೇಳಿದೆ. ಮಾತೇ ಇಲ್ಲ. ಹೆಬ್ಬೆರಳು ಮಾತ್ರ ಮೂಳೆಯ ಹಿಂಬದಿಯ ರೇಡಿಯಲ್ ಗ್ರೂವ್ ಅನ್ನುವ ತೋಡನ್ನು ಸವರುತ್ತಲೇ ಇತ್ತು. ಬೆರಳಿಗೆ ಉತ್ತರ ಗೊತ್ತಿತ್ತು ಕಣೋ, ಬಾಯಿಗೆ ಬರುತ್ತಿರಲಿಲ್ಲ.

"ನೀರು ಕುಡಿಯಮ್ಮ, ಕನ್ನಡದಲ್ಲೇ ಹೇಳು" ಅಂದೆ. ಮೂಳೆಯನ್ನು ತನ್ನ ತೋಳಿಗೇ ಹಿಡಿದು, ಮೂಳೆಯ ತಲೆಯನ್ನು ಒಳಮುಖ ಮಾಡಿ, "ಬಲಗಡೆದು ಸರ್" ಅಂದಳು. ಆಮೇಲೆ ತಡೆಯೇ ಇಲ್ಲ. ಗ್ರೂವಿನಲ್ಲಿ ಹಾಯುವ ನರ, ಅಲ್ಲಿ ಪೆಟ್ಟಾದರೆ ಮಣಿಕಟ್ಟು ಜೋತು ಬೀಳುವುದು, ಎಲ್ಲಾ ಹೇಳಿದಳು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಎಮೋಷನಲ್ ಇಂಟೆಲಿಜೆನ್ಸ್ ಬಗ್ಗೆಯೇ ಓದುತ್ತಿದ್ದೇನೆ. 1990ರಲ್ಲಿ ಸಲೋವಿ ಮತ್ತು ಮೇಯರ್ ಬರೆದದ್ದರ ಸಾರ ಇಷ್ಟು: ನಮ್ಮ, ಎದುರಿನವರ ಮನಸ್ಸನ್ನು ಗುರುತಿಸಬೇಕು, ಅದಕ್ಕೆ ತಕ್ಕಂತೆ ಯೋಚಿಸಿ ನಡೆಯಬೇಕು. 2020ರಲ್ಲಿ 42 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಲೆಕ್ಕಗಳನ್ನು ಒಟ್ಟು ಮಾಡಿ ನೋಡಿದಾಗ, ಇದಕ್ಕೂ ಓದಿನ ಫಲಿತಾಂಶಕ್ಕೂ ಇರುವ ನಂಟು 0.20 ಅಂತ ಬಂತು. ಸೊನ್ನೆ ಅಂದರೆ ನಂಟೇ ಇಲ್ಲ, ಒಂದು ಅಂದರೆ ಪೂರ್ತಿ ಇದೆ ಅಂತ. ಟೆಸ್ಟ್ ಇಟ್ಟು ಅಳೆದರೆ 0.24. 'ನಾನು ಹೀಗೆ' ಅಂತ ತಾವೇ ಬರೆದುಕೊಂಡರೆ 0.12. ಅವರೆಲ್ಲ ಮೆಡಿಕಲ್ ವಿದ್ಯಾರ್ಥಿಗಳಲ್ಲ, ನಿಜ. ಆದರೂ ನಾನು ಇದನ್ನು ನಂಬುತ್ತೇನೆ. ಓದದವರನ್ನು ಇದು ಪಾಸು ಮಾಡಿಸುವುದಿಲ್ಲ. ಓದಿದ್ದು ಹೆದರಿಕೆಯಲ್ಲಿ ಕೈತಪ್ಪದ ಹಾಗೆ ನೋಡಿಕೊಳ್ಳುತ್ತದೆ, ಅಷ್ಟೇ. ಅದು ಕಮ್ಮಿಯಾ?

2019ರ ಬ್ಯಾಚಿನಿಂದ ಎಂಬಿಬಿಎಸ್‌ಗೆ ಎಟ್‌ಕಾಮ್ ಅನ್ನುವ ಪಾಠ ಸೇರಿದೆ. ನಡವಳಿಕೆ, ನೀತಿ, ರೋಗಿಯ ಜೊತೆ ಮಾತಾಡುವ ರೀತಿ, ಎಲ್ಲಾ ಕಲಿಸುತ್ತೇವೆ. ನಮಗೆ ಇದೆಲ್ಲಿತ್ತು? ಇದು ತುಂಬಾ ಒಳ್ಳೆಯದು. ಆದರೆ ರೋಗಿಯ ಹೆದರಿಕೆ ಗುರುತಿಸು ಅಂತ ಕಲಿಸುವ ನಾವು, ಎದುರಿಗೆ ನಿಂತ ವಿದ್ಯಾರ್ಥಿಯ ಹೆದರಿಕೆಯನ್ನೂ ಗುರುತಿಸಬೇಕು ಅಲ್ವಾ? ಈ ಬುದ್ಧಿ ಮಕ್ಕಳಲ್ಲಿ ಎಷ್ಟಿದೆ ಅಂತಲೇ ಎಲ್ಲರೂ ಅಳೆಯುತ್ತಾರೆ. ಟೇಬಲ್ಲಿನ ಈಚೆ ಕೂತವರಲ್ಲಿ ಎಷ್ಟಿದೆ ಅಂತಲೂ ಕೇಳಬೇಕು.

ಒಂದು ವಿಷಯ ನಿನಗೆ ಯಾವತ್ತೂ ಹೇಳಿರಲಿಲ್ಲ. ಫಸ್ಟ್ ಇಯರ್‌ನಲ್ಲಿ ನಾನು ಬ್ಯಾಗ್ ಕಟ್ಟಿ ಇಟ್ಟಿದ್ದೆ. ಬೇಲೂರಿನ ಬಸ್ ಹತ್ತಿ ಮನೆಗೆ ಹೋಗಿ, ಇನ್ನು ಓದಲ್ಲ ಅಂತ ಅಪ್ಪನಿಗೆ ಹೇಳುವವನಿದ್ದೆ. ಕ್ಲಾಸಿನಲ್ಲಿ ಎಲ್ಲರಿಗೂ ಅರ್ಥವಾಗುತ್ತಿದೆ, ನನಗೊಬ್ಬನಿಗೇ ಇಲ್ಲ ಅನ್ನಿಸುತ್ತಿತ್ತು. ರಾತ್ರಿ ನಿದ್ದೆಯೇ ಇರಲಿಲ್ಲ. ನೀನು ರೂಮಿಗೆ ಬಂದೆ. ಬ್ಯಾಗ್ ನೋಡಿದೆ. ಏನೂ ಕೇಳಲಿಲ್ಲ. ಕ್ಯಾಡವರ್ ಹಾಲ್, ಅಂದರೆ ಶವ ಕೊಯ್ದು ಕಲಿಯುವ ಕೋಣೆಯ ನೋಟ್ಸ್ ತೆಗೆದು, ಇದು ನನಗೆ ತಲೆಗೆ ಹೋಗ್ತಿಲ್ಲ, ಸ್ವಲ್ಪ ಹೇಳಿಕೊಡು ಅಂದೆ. ನಿನಗೆ ಆ ಪಾಠ ಆಗಲೇ ಗೊತ್ತಿತ್ತು ಅಂತ ನನಗೀಗ ಅನ್ನಿಸುತ್ತದೆ. ಗೊತ್ತಿತ್ತಾ?

ಎಲ್ಲರೂ ಓದುವ ಕಡೆ ಇಷ್ಟು ಬರೆಯಬೇಕು ಅಂತ ಇರಲಿಲ್ಲ. ಬರೆದಾಯಿತು, ಇರಲಿ ಬಿಡು.

ರಜೆ ಸಿಕ್ಕಾಗ ಬಾ. ಅಮ್ಮ ಅಕ್ಕಿ ರೊಟ್ಟಿ ಮಾಡುತ್ತಾರಂತೆ. ನೀನು ಕೂರುತ್ತಿದ್ದ ಸ್ಟೂಲ್ ಇನ್ನೂ ನಮ್ಮ ಹಜಾರದಲ್ಲೇ ಇದೆ, ಬೇರೆ ಯಾರನ್ನೂ ಅದರ ಮೇಲೆ ಕೂರಲು ಬಿಡುವುದಿಲ್ಲ.

ನಿನ್ನ,
ರೂಮ್‌ಮೇಟ್